ಭಾನುವಾರದ ಕೊಳಚೆಗೆ ಲೆಕ್ಕವಿಲ್ಲ

ಮಾನ್ಯರೇ,

ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಮತ್ತು ಪಿಎಚ್.ಡಿ. ಪ್ರವೇಶದ ಪ್ರಕಟಣೆಗಳು ಹೊರಬೀಳುತ್ತಿರುವ ಈ ದಿನಗಳಲ್ಲಿ, ತ್ಯಾಜ್ಯನೀರು ಸಂಸ್ಕರಣೆಯ ಪ್ರಯೋಗಾಲಯಗಳನ್ನು ಸೇರಲು ಹೊರಟಿರುವ ವಿದ್ಯಾರ್ಥಿಗಳ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಎರಡು ವರ್ಷಗಳ ಹಿಂದೆ ನಾನೂ ಅಂಥದೊಂದು ಪ್ರಯೋಗಾಲಯ ಸೇರಿದವಳು. ಹೊಗಳಿಕೆಗೂ ದೂರಿಗೂ ಇದು ವೇದಿಕೆಯಲ್ಲವಾದ್ದರಿಂದ ವಿಶ್ವವಿದ್ಯಾಲಯದ ಹೆಸರು ಬೇಡ.

ಮೊದಲ ವಾರ ನನಗೆ ಒಪ್ಪಿಸಿದ ಕೆಲಸ ಬಿಒಡಿ ಪರೀಕ್ಷೆ, ಅಂದರೆ ನೀರಿನಲ್ಲಿರುವ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸುತ್ತವೆ ಎಂಬುದರ ಅಳತೆ. ಪಾಶ್ಚಾತ್ಯ ದೇಶಗಳಲ್ಲಿ ಬಾಟಲಿಯನ್ನು 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 5 ದಿನ ಇಡುವುದು ರೂಢಿ. ನಮ್ಮಲ್ಲಿ, ಇಲ್ಲಿನ ಹವೆಗೆ ತಕ್ಕಂತೆ, 27 ಡಿಗ್ರಿಯಲ್ಲಿ 3 ದಿನ. ಮೂರನೆಯ ದಿನ ಬಾಟಲಿ ತೆರೆದು ಉಳಿದ ಆಮ್ಲಜನಕವನ್ನು ಅಳೆಯಲೇಬೇಕು, ನಾಳೆ ನೋಡಿಕೊಳ್ಳೋಣ ಎನ್ನುವಂತಿಲ್ಲ. ಸಮಸ್ಯೆ ಶುರುವಾಗುವುದು ಇಲ್ಲಿಂದಲೇ. ಗುರುವಾರ ಇಟ್ಟ ಬಾಟಲಿಯನ್ನು ಭಾನುವಾರ ತೆರೆಯಬೇಕು. ಬುಧವಾರ ಇಟ್ಟದ್ದನ್ನು ಶನಿವಾರ, ಅದು ಎರಡನೆಯ ಅಥವಾ ನಾಲ್ಕನೆಯ ಶನಿವಾರವಾಗಿದ್ದರೆ ಕಟ್ಟಡಕ್ಕೆ ಬೀಗ. ಬೀಗದ ಕೈ ಅಟೆಂಡರ್ ಬಳಿ, ಅಟೆಂಡರ್ ತಮ್ಮ ಊರಿನಲ್ಲಿ. "ಗುರುವಾರ ಮಾತ್ರ ಸ್ಯಾಂಪಲ್ ತರಬೇಡ ಕಣೇ" ಎಂಬುದು ಹಿರಿಯ ವಿದ್ಯಾರ್ಥಿನಿಯೊಬ್ಬರು ನನಗೆ ಹೇಳಿಕೊಟ್ಟ ಮೊದಲ ಪಾಠ.

ಭಾನುವಾರ ಸ್ಯಾಂಪಲ್ ತರುವ ಮಾತಂತೂ ಇಲ್ಲವೇ ಇಲ್ಲ. ಆದರೆ ಮನೆಮನೆಯಲ್ಲೂ ವಾರದ ಬಟ್ಟೆ ಒಗೆಯುವುದು, ಮಾಂಸದಡುಗೆಯ ಜಿಡ್ಡು ಪಾತ್ರೆಗಳನ್ನು ತಿಕ್ಕುವುದು ಹೆಚ್ಚಾಗಿ ಅದೇ ದಿನ. ದಿನದ ಲೆಕ್ಕದಲ್ಲಿಯೂ ಹೀಗೆಯೇ: ಒಳಚರಂಡಿ ತುಂಬಿ ಹರಿಯುವುದು ಊರು ಎದ್ದು ಸ್ನಾನ ಮುಗಿಸುವ ಬೆಳಗಿನ ಹೊತ್ತಿನಲ್ಲಿ, ನಾವು ಐಸ್ ಬಾಕ್ಸ್ ಹೊತ್ತು ಕೊಳಚೆ ಸಂಸ್ಕರಣಾ ಘಟಕ ತಲುಪುವುದು ಹನ್ನೊಂದಕ್ಕೆ, ಏಕೆಂದರೆ ಪ್ರಯೋಗಾಲಯದ ಬಾಗಿಲು ತೆರೆಯುವುದೇ ಹತ್ತಕ್ಕೆ. ನನ್ನ ಪ್ರಬಂಧದ ಕೋಷ್ಟಕಗಳನ್ನು ನಂಬುವುದಾದರೆ ನಮ್ಮ ಊರಿನ ಕೊಳಚೆ ಕಚೇರಿ ಸಮಯದಲ್ಲಿ ಮಾತ್ರ ಹರಿಯುತ್ತದೆ.

ಬೇಸರವೆಂದರೆ, ಈ ವಿದ್ಯೆ ಹುಟ್ಟಿದ್ದು ಹೀಗಲ್ಲ. ಗಾಳಿ ಊದಿ, ಸೂಕ್ಷ್ಮಜೀವಿಗಳ ಕೆಸರನ್ನು ಉಳಿಸಿಕೊಂಡು ಮತ್ತೆ ಮತ್ತೆ ಬಳಸುವ ವಿಧಾನವನ್ನು, ಅಂದರೆ ಇವತ್ತು ನಮ್ಮ ನಗರಗಳ ಎಷ್ಟೋ ಘಟಕಗಳಲ್ಲಿ ನಡೆಯುತ್ತಿರುವುದನ್ನೇ, ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಲೋಕಕ್ಕೆ ತಿಳಿಸಿದರು. ಅವರಿಬ್ಬರೂ ಮ್ಯಾಂಚೆಸ್ಟರ್ ನಗರದ ಕೊಳಚೆ ಘಟಕದಲ್ಲೇ ಕೆಲಸ ಮಾಡುತ್ತಿದ್ದ ರಸಾಯನಶಾಸ್ತ್ರಜ್ಞರು. ಅವರ ಕೆಲಸಕ್ಕೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು ಎಂಬುದನ್ನು ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರು ಕೇಳಿಯೇ ಇಲ್ಲ, ನಾನೂ ಕೇಳಿರಲಿಲ್ಲ.

ಘಟಕದಲ್ಲಿ ನಿಂತು ಕಲಿಯುವುದಕ್ಕೆ ಬದಲಿಯಿಲ್ಲ. ಗಾಳಿ ತೊಟ್ಟಿಯ ಕಂದು ನೀರನ್ನು ಒಂದು ಲೀಟರಿನ ಅಳತೆ ಸಿಲಿಂಡರಿಗೆ ತುಂಬಿ ಅರ್ಧ ಗಂಟೆ ಕಾದರೆ, ಕೆಸರು ಹತ್ತಿಯಂತೆ ಮುದ್ದೆಗಟ್ಟಿ ಕೆಳಗಿಳಿದು ಮೇಲೆ ತಿಳಿನೀರು ಉಳಿಯುತ್ತದೆ. ಕೆಸರು ಎಷ್ಟು ಮಿಲಿಲೀಟರ್ ಗೆರೆಗೆ ನಿಂತಿತು ಎಂಬುದರ ಮೇಲೆ ಘಟಕದ ಆರೋಗ್ಯ ತಿಳಿಯುತ್ತದೆ. ಅಲ್ಲಿನ ಆಪರೇಟರ್ ಒಬ್ಬರು ಸಿಲಿಂಡರ್ ನೋಡುವ ಮೊದಲೇ ಮೂಸಿ ಹೇಳುತ್ತಿದ್ದರು: ಮಳೆಗೆ ನೆನೆದ ಮಣ್ಣಿನ ವಾಸನೆ ಬಂದರೆ ಸರಿಯಿದೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು. ಅದೇ ನೀರನ್ನು ಮುಚ್ಚಿದ ಕ್ಯಾನಿನಲ್ಲಿ ಬಸ್ಸಿನಲ್ಲಿ ತಂದು ಮಧ್ಯಾಹ್ನ ಪರೀಕ್ಷಿಸಿದರೆ, ಅಷ್ಟರೊಳಗೆ ಜೀವಿಗಳು ಆಮ್ಲಜನಕವನ್ನೆಲ್ಲ ಮುಗಿಸಿ ಕೆಸರಿನ ಸ್ವಭಾವವೇ ಬದಲಾಗಿರುತ್ತದೆ.

ಇನ್ನು ಸುರಕ್ಷತೆಯ ವಿಷಯ. ಪ್ರವೇಶದ ಹೊತ್ತಿಗೆ ನನ್ನಿಂದ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ವಲಸೆ ಪ್ರಮಾಣಪತ್ರ ಎಲ್ಲವನ್ನೂ ಮೂರು ಮೂರು ಪ್ರತಿ ಕೇಳಿದರು. ಧನುರ್ವಾಯು, ಟೈಫಾಯ್ಡ್, ಹೆಪಟೈಟಿಸ್ ಲಸಿಕೆ ಹಾಕಿಸಿಕೊಂಡಿದ್ದೀಯಾ ಎಂದು ಒಬ್ಬರೂ ಕೇಳಲಿಲ್ಲ. ಸಂಸ್ಕರಿಸದ ಕೊಳಚೆಯನ್ನು ಕೈಯಲ್ಲಿ ಹಿಡಿಯುವವರು ನಾವು. ನಮಗಿಂತ ಹೆಚ್ಚು ಹಿಡಿಯುವವರು ಸ್ಯಾಂಪಲ್ ತರುವ, ಗಾಜಿನ ಸಾಮಾನು ತೊಳೆಯುವ ಅಟೆಂಡರುಗಳು. ಸಿಒಡಿ ಪರೀಕ್ಷೆಯಲ್ಲಿ, ಅಂದರೆ ನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳ ಬದಲು ರಾಸಾಯನಿಕಗಳಿಂದ ಅಳೆಯುವಾಗ, ಪಾದರಸದ ಲವಣ ಬಳಕೆಯಾಗುತ್ತದೆ. ಅದನ್ನು ಸಿಂಕಿಗೆ ಸುರಿಯಬಾರದು ಎಂಬ ಚೀಟಿ ನಮ್ಮ ಗೋಡೆಯ ಮೇಲಿತ್ತು, ಸುರಿಯಲು ಬೇರೆ ಕ್ಯಾನ್ ಇರಲಿಲ್ಲ.

ಇದು ಬರೀ ವಿದ್ಯಾರ್ಥಿಗಳ ಗೋಳಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು 2018ರಲ್ಲಿ ಕೋಲಾರದ ಕೆರೆಗಳತ್ತ ಹರಿಯತೊಡಗಿತು; ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡು, ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ಈ ನೀರು ಬಂದ ಮೇಲೆ ಬತ್ತಿದ ಕೆರೆಗಳು ತುಂಬಿದ್ದು ನಿಜ, ಎರಡನೇ ಹಂತದ ನಂತರವೂ ಉಳಿಯುವ ಕೊಳೆಯನ್ನು ತೆಗೆಯುವ ಮೂರನೇ ಹಂತದ ಸಂಸ್ಕರಣೆ ಬೇಕೆಂದು ಅಲ್ಲಿನ ರೈತರು ಕೇಳುತ್ತಿರುವುದೂ ನ್ಯಾಯವೇ. ಆ ನೀರು ಭಾನುವಾರ ಹೇಗಿರುತ್ತದೆ ಎಂದು ಅವರು ಕೇಳಿದರೆ ಉತ್ತರ ಕೊಡಬೇಕಾದವರು ಇಂಥ ಪ್ರಯೋಗಾಲಯಗಳಲ್ಲಿ ತಯಾರಾದವರೇ.

ಆದ್ದರಿಂದ ಕುಲಸಚಿವರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಗೈಡ್ ಅನುಮತಿಯ ಮೇಲೆ, ಇಬ್ಬರು ಜೊತೆಗಿದ್ದರೆ, ರಜಾದಿನಗಳಲ್ಲೂ ಪ್ರಯೋಗಾಲಯ ತೆರೆಯಲು ಒಂದು ಲಿಖಿತ ಆದೇಶ ಹೊರಡಿಸಲಿ. ಮೊದಲ ಸೆಮಿಸ್ಟರಿನಲ್ಲಿ ಒಂದು ತಿಂಗಳು ಘಟಕದಲ್ಲಿ ಪಾಳಿಯ ಮೇಲೆ ಕೆಲಸ ಮಾಡುವುದನ್ನು ಕಡ್ಡಾಯಗೊಳಿಸಲಿ. ಲಸಿಕೆಯ ಖರ್ಚನ್ನು, ಅಟೆಂಡರುಗಳದ್ದೂ ಸೇರಿ, ಪ್ರವೇಶ ಶುಲ್ಕದಲ್ಲಿ ಈಗಾಗಲೇ ವಸೂಲು ಮಾಡುವ ಆರೋಗ್ಯ ನಿಧಿಯಿಂದ ಭರಿಸಲಿ. ಈ ವರ್ಷ ಸೇರುವವರು ಮಾತ್ರ ಆದೇಶಕ್ಕೆ ಕಾಯದೆ ಚುಚ್ಚುಮದ್ದು ಹಾಕಿಸಿಕೊಂಡೇ ಬರುವುದು ಕ್ಷೇಮ.

– ಸಂಶೋಧನಾ ವಿದ್ಯಾರ್ಥಿನಿ, ಮೈಸೂರು