ಮೂಳೆ ಸೋಂಕಿನ ಪತ್ತೆಗೆ ಗಾಮಾ ಕ್ಯಾಮೆರಾ: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಸನ್ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ಮಾನ್ಯರೇ,

ಅಪಘಾತದಲ್ಲಿ ಕಾಲು ಮುರಿದು ರಾಡು, ಪ್ಲೇಟು ಹಾಕಿಸಿಕೊಂಡವರು ಕೆಲವು ತಿಂಗಳ ಮೇಲೆ ನೋವು, ಊತ ಎಂದು ಆಸ್ಪತ್ರೆಗೆ ಮರಳಿದಾಗ, ಮೂಳೆಯೊಳಗೆ ಸೋಂಕು ಕೂತಿದೆಯೇ ಅಥವಾ ಮುರಿತ ಇನ್ನೂ ಕೂಡಿಕೊಳ್ಳುತ್ತಿದೆಯೇ ಎಂದು ನಿರ್ಧರಿಸುವುದು ನುರಿತ ಮೂಳೆ ವೈದ್ಯರಿಗೂ ಕಷ್ಟ. ಹೊಸ ಸೋಂಕಿನ ಗುರುತು ಎಕ್ಸ್-ರೇಯಲ್ಲಿ ಮೂಡಲು ಸಾಮಾನ್ಯವಾಗಿ 10ರಿಂದ 14 ದಿನಗಳಾದರೂ ಬೇಕು. ಎಂಆರ್‌ಐ ಅದಕ್ಕಿಂತ ಬೇಗ ತೋರಿಸುತ್ತದೆ, ಬೆನ್ನುಮೂಳೆಯ ಸೋಂಕಿಗಂತೂ ಅದೇ ಮೊದಲ ಆಯ್ಕೆ. ಆದರೆ ಲೋಹವಿರುವ ಕಡೆ ಅದರ ಚಿತ್ರ ಕೆಡುತ್ತದೆ. ಅಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ದೇಹಕ್ಕೆ ಕೊಟ್ಟು, ಅದು ಸೂಸುವ ಕಿರಣಗಳನ್ನು ಗಾಮಾ ಕ್ಯಾಮೆರಾದಲ್ಲಿ ಚಿತ್ರವಾಗಿ ಸೆರೆಹಿಡಿಯುವ ನ್ಯೂಕ್ಲಿಯರ್ ಮೆಡಿಸಿನ್ ನೆರವಿಗೆ ಬರುವುದು ಇಲ್ಲಿಯೇ.

ಟೆಕ್ನಿಷಿಯಂ-99ಎಂ ಎಂಬ ವಿಕಿರಣಶೀಲ ವಸ್ತು ಬಳಸುವ ಮೂರು ಹಂತದ ಬೋನ್ ಸ್ಕ್ಯಾನ್ ಸೋಂಕನ್ನು ಬೇಗ ಹಿಡಿಯುತ್ತದೆ ಎಂಬುದು ನಿಜವಾದರೂ, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದ ಮೂಳೆಯೂ ಅದರಲ್ಲಿ ಹಾಗೆಯೇ ಹೊಳೆಯುವುದರಿಂದ ಅದೊಂದನ್ನೇ ನಂಬಿ ತೀರ್ಮಾನಕ್ಕೆ ಬರುವಂತಿಲ್ಲ. ಹೆಚ್ಚು ಖಚಿತವಾದ ದಾರಿ ಬಿಳಿ ರಕ್ತಕಣಗಳ ಸ್ಕ್ಯಾನ್. ರೋಗಿಯದೇ ರಕ್ತವನ್ನು ಸುಮಾರು 50 ಮಿಲಿಲೀಟರ್ ತೆಗೆದು, ಅದರಿಂದ ಬಿಳಿ ಕಣಗಳನ್ನು ಬೇರ್ಪಡಿಸಿ, ಟೆಕ್ನಿಷಿಯಂ ಸೇರಿಸಿ ಮತ್ತೆ ದೇಹಕ್ಕೆ ಚುಚ್ಚಿದರೆ ಆ ಕಣಗಳು ಸೋಂಕಿದ್ದಲ್ಲಿಗೆ ಹೋಗಿ ಸೇರುತ್ತವೆ. ಕೆಲವು ಗಂಟೆಗಳ ನಂತರ ಒಮ್ಮೆ, ಮರುದಿನ ಇನ್ನೊಮ್ಮೆ ಚಿತ್ರ ತೆಗೆದಾಗ ಒಂದೆಡೆ ಹೊಳಪು ಹೆಚ್ಚುತ್ತ ಹೋಗಿದ್ದರೆ ಅದು ಸೋಂಕಿನ ಬಲವಾದ ಸೂಚನೆ. ಮಧುಮೇಹಿಗಳ ಪಾದದಲ್ಲಿ ನರದೌರ್ಬಲ್ಯದಿಂದ ಕೀಲು ಕುಸಿದಿದೆಯೋ, ಮೂಳೆಗೆ ಸೋಂಕು ತಗುಲಿದೆಯೋ ಎಂಬ ಗೊಂದಲದಲ್ಲಿಯೂ ಇದು ಉಪಯುಕ್ತ. ಅಲ್ಲಿ ತಪ್ಪು ತೀರ್ಮಾನದ ಬೆಲೆ ಕೆಲವೊಮ್ಮೆ ಕಾಲೇ ಆಗಿರುತ್ತದೆ.

ಈ ಪರೀಕ್ಷೆಯನ್ನು ರಕ್ತದ ಮಾದರಿ ಕಳಿಸಿದಂತೆ ಬೇರೆ ಊರಿಗೆ ಕಳಿಸಿ ಮಾಡಿಸಲಾಗದು. ಟೆಕ್ನಿಷಿಯಂನ ಅರ್ಧಾಯು, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಕೇವಲ 6 ಗಂಟೆ; ಹೊರತೆಗೆದ ಕಣಗಳೂ ಹೆಚ್ಚು ಹೊತ್ತು ಚುರುಕಾಗಿ ಉಳಿಯುವುದಿಲ್ಲ. ಆದ್ದರಿಂದ ರೋಗಿ, ಪ್ರಯೋಗಾಲಯ, ಕ್ಯಾಮೆರಾ ಮೂರೂ ಒಂದೇ ಕಡೆ ಇರಬೇಕು. ಟೆಕ್ನಿಷಿಯಂ ಕೊಡುವ ಜನರೇಟರ್ ಎಂಬ ಉಪಕರಣದೊಳಗಿನ, ಕ್ರಮೇಣ ಟೆಕ್ನಿಷಿಯಂ ಆಗಿ ಬದಲಾಗುವ ಮಾಲಿಬ್ಡಿನಂನ ಅರ್ಧಾಯು ಮಾತ್ರ ಸುಮಾರು 66 ಗಂಟೆಯಾದ್ದರಿಂದ, ವಾರಕ್ಕೊಂದು ಜನರೇಟರ್ ತರಿಸಿಕೊಂಡರೆ ಬೆಂಗಳೂರಿನಿಂದ ದೂರದ ಜಿಲ್ಲೆಯಲ್ಲೂ ವಿಭಾಗ ನಡೆಯಬಲ್ಲದು.

ಆದಕಾರಣ, ಕಂದಾಯ ವಿಭಾಗಕ್ಕೆ ಒಂದರಂತೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಸ್ಪೆಕ್ಟ್-ಸಿಟಿ (ಸಿಟಿ ಸ್ಕ್ಯಾನ್ ಜೊತೆಗೂಡಿದ, ಮೂರು ಆಯಾಮದ ಚಿತ್ರ ಕೊಡುವ) ಗಾಮಾ ಕ್ಯಾಮೆರಾ ಮತ್ತು ರಕ್ತಕಣ ಸಿದ್ಧಪಡಿಸುವ ಶುದ್ಧ ಪ್ರಯೋಗಾಲಯ ಎರಡೂ ಇರುವಂತೆ ನೋಡಿಕೊಳ್ಳಬೇಕೆಂದು ವಿನಂತಿಸುತ್ತೇನೆ. ಕ್ಯಾನ್ಸರ್ ಪತ್ತೆಗೆ ಹೆಚ್ಚಾಗಿ ಬಳಸುವ ಪೆಟ್-ಸಿಟಿ ಸ್ಕ್ಯಾನರಿನ ಹೆಸರು ದೊಡ್ಡದು, ಉದ್ಘಾಟನೆಗೂ ಶೋಭೆ ತರುತ್ತದೆ. ಆದರೂ ಈ ಕೆಲಸಕ್ಕೆ ಗಾಮಾ ಕ್ಯಾಮೆರಾ ಮೊದಲು ಬರಲಿ. ಯಂತ್ರದ ಟೆಂಡರ್ ಕರೆಯುವಾಗಲೇ ತಂತ್ರಜ್ಞರ ಮತ್ತು ವಿಕಿರಣ ಸುರಕ್ಷತಾ ಅಧಿಕಾರಿಯ ಹುದ್ದೆಗಳಿಗೂ ಮಂಜೂರಾತಿ ನೀಡಿ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿಗೆ ಅರ್ಜಿ ಹಾಕಿಸಬೇಕು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬರುವ ರೋಗಿಗಳು ಈ ಸ್ಕ್ಯಾನಿಗೆ ಕೈಯಿಂದ ಹಣ ಕೊಡಬೇಕಾಗದಂತೆಯೂ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ