ಹೊಸ ಮೀಟರ್ ಮತ್ತು ಬೆರೆತ ನ್ಯೂಟ್ರಲ್

ಮಾನ್ಯ ಸಂಪಾದಕರೇ,

ತಟ್ಟೆ ತಿರುಗುತ್ತಿದ್ದ ಹಳೆಯ ಮೀಟರನ್ನು ತೆಗೆದು ಎಲೆಕ್ಟ್ರಾನಿಕ್ ಮೀಟರ್ ಕೂರಿಸಿದ ಮೇಲೆ ಬಿಲ್ಲು ಏರಿತು, ಹೊಸ ಮೀಟರ್ ಜೋರಾಗಿ ಓಡುತ್ತದೆ ಎಂಬ ದೂರು ಕರೆಂಟಿನ ಮಾತು ಬಂದಲ್ಲೆಲ್ಲ ಕೇಳಿಬರುತ್ತದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನಾನೂ ಎರಡು ವರ್ಷಗಳ ಹಿಂದೆ ಇದೇ ದೂರು ಹಿಡಿದು ವಿದ್ಯುತ್ ಕಚೇರಿಯ ಮೆಟ್ಟಿಲು ಹತ್ತಿದ್ದೆ. ಪರೀಕ್ಷೆ ಮಾಡಿದಾಗ ಮೀಟರ್ ಸರಿಯಾಗಿಯೇ ಇತ್ತು. ದೋಷವಿದ್ದದ್ದು ನಮ್ಮ ಮನೆಯ ವೈರಿಂಗಿನಲ್ಲಿ ಎಂದು ತಿಳಿಯಲು ಐದು ತಿಂಗಳು ಹಿಡಿಯಿತು. ಕೆಳಗೆ ಮನೆಯವರು, ಮಹಡಿಯಲ್ಲಿ ಬಾಡಿಗೆಯವರು ಇರುವ ಅನೇಕ ಮನೆಗಳಲ್ಲಿ ಇದೇ ದೋಷ ಇರುವ ಸಾಧ್ಯತೆಯಿರುವುದರಿಂದ ಈ ಪತ್ರ.

ಹಳೆಯ ಮೀಟರಿನೊಳಗೆ ಎರಡು ಸುರುಳಿಗಳಿದ್ದವು. ತೆಳು ತಂತಿಯ ಸುರುಳಿ ವೋಲ್ಟೇಜಿಗೆ, ದಪ್ಪ ತಂತಿಯ ಕೆಲವೇ ಸುತ್ತುಗಳದ್ದು ಮನೆಯೊಳಗೆ ಹರಿಯುವ ಕರೆಂಟಿಗೆ. ಇವೆರಡರ ಕಾಂತಕ್ಷೇತ್ರಗಳು ಸೇರಿ ನಡುವಿನ ಅಲ್ಯೂಮಿನಿಯಂ ತಟ್ಟೆಯನ್ನು ತಿರುಗಿಸುತ್ತಿದ್ದವು. ಪಕ್ಕದಲ್ಲಿದ್ದ ಶಾಶ್ವತ ಅಯಸ್ಕಾಂತವೊಂದು ಆ ತಟ್ಟೆಗೆ ಬ್ರೇಕಿನಂತೆ ನಿಂತು, ಬಳಕೆ ಎಷ್ಟೋ ವೇಗವೂ ಅಷ್ಟೇ ಆಗುವಂತೆ ನೋಡಿಕೊಳ್ಳುತ್ತಿತ್ತು. ಬುಡಾಪೆಸ್ಟಿನ ಎಂಜಿನಿಯರ್ ಒಟ್ಟೊ ಬ್ಲಾಥಿ 1889ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ಮೀಟರ್ ನೂರು ವರ್ಷಕ್ಕೂ ಮಿಕ್ಕಿ ಜಗತ್ತಿನ ಮನೆಗಳ ಲೆಕ್ಕ ಬರೆದಿದೆ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ವಯಸ್ಸಾದಂತೆ ಧೂಳು ಕೂತು, ಬೇರಿಂಗ್ ಸವೆದು ಅದು ನಿಧಾನವಾಗುತ್ತದೆ. ರಾತ್ರಿಯಿಡೀ ಉರಿಯುವ ವೈಫೈ ಪೆಟ್ಟಿಗೆ, ಸೆಟ್‌ಟಾಪ್ ಬಾಕ್ಸಿನಂಥ ಕೆಲವೇ ವ್ಯಾಟುಗಳ ಬಳಕೆಗೆ ಅಂಥ ತಟ್ಟೆ ಅಲುಗದೆಯೂ ಇರಬಹುದು. ಹತ್ತು ವ್ಯಾಟು ಹಗಲೂ ರಾತ್ರಿ ಉರಿದರೆ ತಿಂಗಳಿಗೆ 7.2 ಯೂನಿಟ್ ಆಗುತ್ತದೆ. ಹೊಸ ಮೀಟರ್ ಅದನ್ನು ಬಿಡದೆ ಎಣಿಸುವುದನ್ನು ಜೋರಾಗಿ ಓಡುವುದು ಎನ್ನಲಾಗದು.

ಎಲೆಕ್ಟ್ರಾನಿಕ್ ಮೀಟರಿನಲ್ಲಿ ತಿರುಗುವ ಭಾಗವೇ ಇಲ್ಲ. ವೋಲ್ಟೇಜನ್ನೂ ಕರೆಂಟನ್ನೂ ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿಸಲವೂ ಗುಣಿಸಿ, ಬಂದದ್ದನ್ನು ಚಿಪ್ಪೊಂದು ಕೂಡಿಸುತ್ತಾ ಹೋಗುತ್ತದೆ. ಈಗ ವಿವಾದದಲ್ಲಿರುವ ಸ್ಮಾರ್ಟ್ ಮೀಟರ್ ಅಳೆಯುವುದೂ ಹೀಗೆಯೇ. ಓದಿದ್ದನ್ನು ತಾನೇ ಕಚೇರಿಗೆ ಕಳಿಸುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಹೀಗೆ ಗುಣಿಸಿ ಕೂಡಿಸಿದಾಗ ಸಿಗುವುದು ನಿಜವಾಗಿ ಖರ್ಚಾದ ಶಕ್ತಿ ಮಾತ್ರವಾದ್ದರಿಂದ, ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಅರ್ಧವಾಗುತ್ತದೆಂದು ಮಾರುವ ‘ಪವರ್ ಸೇವರ್’ ಪೆಟ್ಟಿಗೆಗಳಿಂದ ಮನೆಯ ಮೀಟರಿನಲ್ಲಿ ಒಂದು ಯೂನಿಟ್ಟೂ ಇಳಿಯುವುದಿಲ್ಲ. ಅದಕ್ಕೆ ದುಡ್ಡು ಕೊಟ್ಟವರಲ್ಲಿ ನನ್ನ ಹಳೆಯ ಸಹೋದ್ಯೋಗಿಗಳೂ ಇದ್ದಾರೆ ಎಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಮೀಟರ್ ಸರಿಯಿದೆಯೇ ಎಂದು ಒರಟಾಗಿ ತಿಳಿಯಲು ಯಾರ ಸಹಾಯವೂ ಬೇಡ. ಮೀಟರಿನ ಮುಖದ ಮೇಲೆ ಯೂನಿಟ್ಟಿಗೆ ಇಂತಿಷ್ಟು ಮಿಣುಕು ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ನಮ್ಮದರಲ್ಲಿ ಅದು 3200. ಅಂದರೆ ಕೆಂಪು ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್. ಮನೆಯ ಉಳಿದೆಲ್ಲವನ್ನೂ ಆರಿಸಿ ಹಳೆಯ ಕಾಲದ 100 ವ್ಯಾಟಿನ ಬಲ್ಬೊಂದನ್ನೇ ಉರಿಸಿದರೆ ಗಂಟೆಗೆ 320, ಕಾಲು ಗಂಟೆಗೆ 80 ಮಿಣುಕು ಬರಬೇಕು. ಇಸ್ತ್ರಿಪೆಟ್ಟಿಗೆಯಲ್ಲಿ ಈ ಪರೀಕ್ಷೆ ಮಾಡಬಾರದು, ಅದು ಬಿಸಿಯಾದಾಗ ತಾನೇ ಆರಿ ಮತ್ತೆ ಹತ್ತುತ್ತಿರುತ್ತದೆ. 230ರ ಬದಲು 210 ವೋಲ್ಟ್ ಬರುತ್ತಿದ್ದರೆ ಬಲ್ಬೇ ಮಂಕಾಗಿ ಮಿಣುಕುಗಳು ಸುಮಾರು 70ಕ್ಕೆ ಇಳಿಯುತ್ತವೆ. ಅದು ಮೀಟರಿನ ತಪ್ಪಲ್ಲ. ಎಂಬತ್ತರ ಜಾಗದಲ್ಲಿ ನೂರಿಪ್ಪತ್ತು ಬಂದರೆ ಮಾತ್ರ ಅನುಮಾನಿಸಬೇಕು.

ನಮ್ಮ ಮೀಟರ್ ಈ ಪರೀಕ್ಷೆಯಲ್ಲಿ ಕೆಲವು ದಿನ ಪಾಸಾಗುತ್ತಿತ್ತು, ಕೆಲವು ದಿನ ನಪಾಸಾಗುತ್ತಿತ್ತು. ಮೇನ್ ಸ್ವಿಚ್ಚನ್ನು ಹಾಗೇ ಬಿಟ್ಟು ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ ಬೆಳಿಗ್ಗೆ ಏಳು ಗಂಟೆಗೆ ಮೀಟರಿನ ಮುಂದೆ ನಿಂತಾಗ ಕಾರಣ ಹೊಳೆಯಿತು: ಏನೂ ಉರಿಯದಿದ್ದರೂ ದೀಪ ಪಟಪಟನೆ ಮಿಣುಕುತ್ತಿತ್ತು, ಮಹಡಿಯವರ ಗೀಸರ್ ಆರಿದ ಕ್ಷಣವೇ ನಿಂತಿತು.

ಇದರ ಮೂಲ ಹೀಗಿದೆ. ಮನೆಗೆ ಕರೆಂಟು ತರುವ ತಂತಿ ಫೇಸ್, ಅದು ಮರಳಿ ಹೋಗುವ ತಂತಿ ನ್ಯೂಟ್ರಲ್. ಹಳೆಯ ಮೀಟರ್ ಫೇಸ್ ತಂತಿಯ ಕರೆಂಟನ್ನು ಮಾತ್ರ ನೋಡುತ್ತಿತ್ತು. ಇದನ್ನರಿತ ಕೆಲವರು ಫೇಸ್, ನ್ಯೂಟ್ರಲ್‌ಗಳನ್ನು ಅದಲುಬದಲು ಮಾಡಿ, ಕರೆಂಟು ನೆಲದ ಮೂಲಕ ಮರಳುವಂತೆ ಅರ್ತಿಗೆ ತಂತಿ ಕೊಟ್ಟು ಕಳವು ಮಾಡುತ್ತಿದ್ದರು. ಅದನ್ನು ತಡೆಯಲು ಹೊಸ ಮೀಟರುಗಳು ಎರಡೂ ತಂತಿಗಳ ಕರೆಂಟನ್ನು ಅಳೆದು, ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ ಹಾಕುತ್ತವೆ. ಎರಡೂ ಹೊಂದದಿದ್ದರೆ ಮೀಟರಿನ ಮೇಲಿನ ‘ಅರ್ತ್’ ದೀಪ ಹೊತ್ತಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಕಳವಿನ ಮಾತೇ ಇರಲಿಲ್ಲ. ಹಿಂದೊಮ್ಮೆ ಯುಪಿಎಸ್ ಹಾಕಿಸಿದಾಗ, ಮಹಡಿಯ ಎರಡು ದೀಪಗಳಿಗೂ ಅದರಿಂದಲೇ ಕರೆಂಟು ಕೊಡಲೆಂದು ವೈರ್‌ಮನ್ ಎರಡೂ ಮನೆಗಳ ನ್ಯೂಟ್ರಲ್ ತಂತಿಗಳನ್ನು ಒಂದಕ್ಕೊಂದು ಸೇರಿಸಿದ್ದರು. ತಟ್ಟೆ ಮೀಟರ್ ಇದ್ದಷ್ಟು ಕಾಲ ಅದರಿಂದ ಬಿಲ್ಲಿಗೆ ಬಾಧೆಯಾಗಲಿಲ್ಲ.

ಹೊಸ ಮೀಟರ್ ಬಂದಾಗ ಆದದ್ದು ಇದು. ಮಹಡಿಯವರು 10 ಆಂಪಿಯರ್ ಬಳಸುತ್ತಿದ್ದಾರೆ, ಕೆಳಗೆ ನಾವು ಏನನ್ನೂ ಬಳಸುತ್ತಿಲ್ಲ ಎಂದುಕೊಳ್ಳೋಣ. ಅವರ ಫೇಸಿನಲ್ಲಿ ಹೋದ 10 ಆಂಪಿಯರ್ ಮರಳುವಾಗ, ಸೇರಿಕೊಂಡಿರುವ ಎರಡು ನ್ಯೂಟ್ರಲ್‌ಗಳಲ್ಲಿ ಹೆಚ್ಚುಕಡಿಮೆ ಐದೈದಾಗಿ ಹಂಚಿಹೋಗುತ್ತದೆ. ಅವರ ಮೀಟರ್ ಫೇಸನ್ನು ನೋಡಿ ಹತ್ತಕ್ಕೆ ಲೆಕ್ಕ ಬರೆಯುತ್ತದೆ. ನಮ್ಮ ಮೀಟರಿನ ಫೇಸಿನಲ್ಲಿ ಸೊನ್ನೆ, ನ್ಯೂಟ್ರಲ್‌ನಲ್ಲಿ ಐದು. ಹೆಚ್ಚಿನದು ಐದಾದ್ದರಿಂದ ಅದು ಐದಕ್ಕೆ ಬರೆಯುತ್ತದೆ. ಬಳಸಿದ್ದು ಹತ್ತು, ಬಿಲ್ಲಾಗಿದ್ದು ಹದಿನೈದು. ಮೀಟರ್ ತನಗೆ ಹೇಳಿದ ಕೆಲಸವನ್ನು ಚಾಚೂತಪ್ಪದೆ ಮಾಡಿದೆ, ಆದರೂ ನಾವು ಬಳಸದ ಕರೆಂಟಿಗೆ ಹಣ ಕೊಟ್ಟಿದ್ದೇವೆ. ನ್ಯೂಟ್ರಲ್‌ಗಳನ್ನು ಬೇರ್ಪಡಿಸಿದ ಮುಂದಿನ ತಿಂಗಳೇ 150 ದಾಟಿದ್ದ ನಮ್ಮ ಬಳಕೆ ಮೊದಲಿನ 90ರ ಆಸುಪಾಸಿಗೆ ಇಳಿಯಿತು.

ಗೃಹಜ್ಯೋತಿ ಬಂದ ಮೇಲೆ ಈ ವ್ಯತ್ಯಾಸದ ತೂಕ ಹೆಚ್ಚಿದೆ. 2022-23ರ ತಿಂಗಳ ಸರಾಸರಿಗೆ ಶೇ 10 ಸೇರಿಸಿ ಉಚಿತ ಯೂನಿಟ್ಟುಗಳನ್ನು ನಿಗದಿಪಡಿಸಿರುವುದರಿಂದ, 90ರ ಸರಾಸರಿಯ ಮನೆಗೆ 99 ಯೂನಿಟ್ ಉಚಿತ, ಅದರಾಚೆಯದಕ್ಕೆ ಹಣ. 200 ಮೀರಿದರಂತೂ ಪೂರ್ತಿ ಬಿಲ್ಲು. ಬೆರೆತ ನ್ಯೂಟ್ರಲ್‌ನಿಂದ ಇಲ್ಲದ ಯೂನಿಟ್ ಸೇರಿ ಈ ಗೆರೆ ದಾಟಿದವರಿಗೆ ತಾವೇಕೆ ದಾಟಿದೆವು ಎಂಬುದೇ ತಿಳಿಯುವುದಿಲ್ಲ.

ಗ್ರಾಹಕ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2024ರಲ್ಲಿ ತಂದ ತಿದ್ದುಪಡಿಯಂತೆ, ರೀಡಿಂಗ್ ಬಗ್ಗೆ ದೂರು ಕೊಟ್ಟ ಐದು ದಿನಗಳೊಳಗೆ ಇನ್ನೊಂದು ಮೀಟರನ್ನು ಜೊತೆಗೆ ಅಳವಡಿಸಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ಒಳ್ಳೆಯ ನಿಯಮವೇ. ಆದರೆ ಅದೇ ವೈರಿಂಗಿಗೆ ಅದೇ ಬಗೆಯ ಇನ್ನೊಂದು ಮೀಟರ್ ಕೂರಿಸಿದರೆ ಅದೂ ನಾವು ಬಳಸದ ಆ ಐದನ್ನೇ ತೋರಿಸುತ್ತದೆ. ಎರಡೂ ತಾಳೆಯಾದವೆಂದು ದೂರು ಮುಕ್ತಾಯವಾಗುತ್ತದೆ.

ಆದ್ದರಿಂದ ರಾಜ್ಯದ ಎಲ್ಲ ವಿದ್ಯುತ್ ಸರಬರಾಜು ಕಂಪನಿಗಳಲ್ಲಿ ನನ್ನ ಕೋರಿಕೆ ಎರಡೇ. ಒಂದಕ್ಕಿಂತ ಹೆಚ್ಚು ಮೀಟರ್ ಇರುವ ಕಟ್ಟಡದಲ್ಲಿ ಮೀಟರ್ ಬದಲಿಸಲು ಬರುವ ಸಿಬ್ಬಂದಿ, ಒಂದು ಮನೆಯ ಹೊರೆಯನ್ನಷ್ಟೇ ಹಾಕಿ ಇನ್ನೊಂದರ ಮೀಟರ್ ಮಿಣುಕುತ್ತದೆಯೇ ಎಂದು ನೋಡಿ ಹೋಗಬೇಕು. ಇದಕ್ಕೆ ಐದು ನಿಮಿಷ ಸಾಕು. ಪ್ರತಿ ತಿಂಗಳು ರೀಡಿಂಗಿಗೆ ಬರುವವರು ಅರ್ತ್ ದೀಪ ಹೊತ್ತಿರುವುದು ಕಂಡರೆ ‘ವೈರಿಂಗ್ ಪರೀಕ್ಷಿಸಿಕೊಳ್ಳಿ’ ಎಂಬ ಒಂದು ಸಾಲನ್ನು ಬಿಲ್ಲಿನಲ್ಲೇ ಮುದ್ರಿಸಿ ಕೊಡಬೇಕು. ನಮ್ಮ ಮೀಟರಿನಲ್ಲಿ ಆ ದೀಪ ಐದು ತಿಂಗಳು ಉರಿಯುತ್ತಿತ್ತು, ಅದರ ಕೆಳಗೇ ನಿಂತು ಐದು ಬಿಲ್ಲುಗಳನ್ನು ಹರಿದು ಕೊಟ್ಟಿದ್ದಾರೆ.

— ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ದಾವಣಗೆರೆ