ಕೆಂಚನ ತುರಿಕೆ ಮತ್ತು ನಿಮ್ಮ 'ಡಾಕ್ಟರ್' ಕೊಟ್ಟ ಸಲಹೆ: ಕೊನೆಯ ದೂರು

ಮಾನ್ಯರೇ,

ನಾಯಿಯ ಔಷಧಿ ಮಾರುವ ನಿಮ್ಮ ಕಂಪನಿಯ ಸಹಾಯವಾಣಿಗೆ ನಾನು ಇದುವರೆಗೆ 11 ಸಲ ಫೋನ್ ಮಾಡಿದ್ದೇನೆ. ಪ್ರತಿ ಸಲವೂ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ನಿನ್ನೆ ಬೆಳಿಗ್ಗೆ ಒಂದು ಮೆಸೇಜ್ ಬಂತು. "ನಿಮ್ಮ ದೂರು ಪರಿಹಾರವಾಗಿದೆ, 5 ಸ್ಟಾರ್ ಕೊಡಿ" ಅಂತ. ಯಾವ ಪರಿಹಾರವೂ ಆಗಿಲ್ಲ. ಅದಕ್ಕೇ ಈ ಪತ್ರ.

ಕೆಂಚ ನಮ್ಮ ಮನೆಯ ನಾಯಿ. ಆರು ವರ್ಷದ ಹಿಂದೆ ತೀರ್ಥಹಳ್ಳಿ ಬಸ್ ನಿಲ್ದಾಣದ ಹತ್ತಿರ ಮಳೆಯಲ್ಲಿ ನಡುಗುತ್ತಾ ನಿಂತಿದ್ದ ಮರಿ. ಈ ಜೂನ್‌ನಲ್ಲಿ ಅವನಿಗೆ ಕೆರೆತ ಶುರುವಾಯಿತು. ಮೊದಲು ಕಿವಿಯ ಅಂಚು, ಆಮೇಲೆ ಮೊಣಕೈ, ಹೊಟ್ಟೆ. ರಾತ್ರಿಯಿಡೀ ಕೆರೆದುಕೊಂಡು ಕೂದಲು ಉದುರಿ ರಕ್ತ ಬರುತ್ತಿತ್ತು. ಮಳೆಗಾಲದಲ್ಲಿ ಚಿಗಟ, ಉಣ್ಣೆ ನಮ್ಮ ಕಡೆ ಇದ್ದದ್ದೇ ಅಂದುಕೊಂಡು ನಿಮ್ಮ ತುರಿಕೆ ಎಣ್ಣೆ ಮತ್ತು ಶಾಂಪೂ ತರಿಸಿದೆ. 1,840 ರೂಪಾಯಿ. ಏಳು ದಿನದಲ್ಲಿ ತುರಿಕೆ ಹೋಗದಿದ್ದರೆ ಬಾಟಲಿ ತೆರೆದಿದ್ದರೂ ಹಣ ವಾಪಸ್ ಎಂದು ಡಬ್ಬಿಯ ಮೇಲೆ ನೀವೇ ಅಚ್ಚು ಹಾಕಿಸಿದ್ದೀರಿ. ಆ ನಿಯಮವನ್ನು ನಾನು ನಿಮಗೆ ಓದಿ ಹೇಳಬೇಕಾಗಿಲ್ಲ.

ಹತ್ತು ದಿನ ಹಚ್ಚಿದೆ. ಕೆರೆತ ಜಾಸ್ತಿಯೇ ಆಯಿತು. ಹಣ ಕೇಳಲು ಫೋನ್ ಮಾಡಿದರೆ "ಮೊದಲು ನಮ್ಮ ಡಾಕ್ಟರ್ ಹತ್ರ ಉಚಿತವಾಗಿ ಮಾತಾಡಿ" ಎಂದರು. ಆ ಮಾತುಕತೆಯನ್ನು ಇದ್ದ ಹಾಗೇ ಬರೆಯುತ್ತೇನೆ. ನಿಮ್ಮವರು ಕೇಳಿಸಿಕೊಳ್ಳಲಿ.

"ಯಾವ ಬ್ರೀಡ್ ಮೇಡಂ?"

"ನಮ್ಮ ಊರಿನ ನಾಯಿನೇ."

"ಓ, ಸ್ಟ್ರೀಟ್ ಡಾಗಾ? ಅವಕ್ಕೆ ಇದೆಲ್ಲ ಮಾಮೂಲಿ ಮೇಡಂ. ವಾರಕ್ಕೆ ಎಷ್ಟು ಸಲ ಸ್ನಾನ ಮಾಡಿಸ್ತೀರಾ?"

"ಒಂದು ಸಲ. ನಿಮ್ಮ ಶಾಂಪೂನಲ್ಲೇ."

"ಮನೆ ಕ್ಲೀನಾಗಿ ಇಟ್ಕೊಂಡಿದೀರಾ? ಗಲೀಜಿದ್ರೆ ಯಾವ ಔಷಧಿನೂ ಹಿಡಿಯಲ್ಲ."

ನಾನು 30 ವರ್ಷ ಅಂಗನವಾಡಿಯಲ್ಲಿ ಕೆಲಸ ಮಾಡಿದವಳು. ಊರಿನ ಮಕ್ಕಳ ಉಗುರು, ತಲೆ, ಬಟ್ಟೆ ನೋಡಿ, ತಾಯಂದಿರಿಗೆ ಬುದ್ಧಿ ಹೇಳಿದವಳು. ಫೋನ್ ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ನನ್ನ ಮೊಮ್ಮಗಳು ಕೂತಿದ್ದಳು. "ಅಜ್ಜಿ, ನಮ್ಮನೆ ಗಲೀಜಾ?" ಎಂದು ಕೇಳಿದಳು. ಅವಳಿಗೆ ಏನು ಹೇಳಲಿ?

ಆದರೂ ತಡೆದುಕೊಂಡು ಮಾತು ಮುಂದುವರಿಸಿದೆ. ಒಂದು ವಾರದಿಂದ ನನ್ನ ಕೈಗೆ, ಮೊಮ್ಮಗಳ ಹೊಟ್ಟೆಗೆ ಕೆಂಪು ಗುಳ್ಳೆ ಎದ್ದು ನವೆ ಆಗುತ್ತಿದೆ ಎಂದೆ. ಅದಕ್ಕೆ ಸಿಕ್ಕ ಉತ್ತರ ಇದು: "ಅದಕ್ಕೆ ನೀವು ಸ್ಕಿನ್ ಡಾಕ್ಟರ್ ಹತ್ರ ಹೋಗಿ ಮೇಡಂ. ಇದು ಪ್ರಾಣಿಗಳ ಲೈನ್." ಹಿಂದೆ ಯಾರೋ ನಕ್ಕಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಆಮೇಲೆ ಕೆಂಚನದು ಊಟದ ಅಲರ್ಜಿ, ಮೊಸರನ್ನ ನಿಲ್ಲಿಸಿ ನಮ್ಮ ಕಂಪನಿಯ ಊಟ ಕೊಡಿ ಎಂದರು. 2,400 ರೂಪಾಯಿಯ ಚೀಲದ ಲಿಂಕ್ ಬಂತು. ಎಣ್ಣೆಯನ್ನು ದಿನಕ್ಕೆ ಮೂರು ಸಲ, ಗಾಯದ ಮೇಲೂ ಹಚ್ಚಲು ಹೇಳಿದರು. ಅವರ ಪಶುವೈದ್ಯ ನೋಂದಣಿ ಸಂಖ್ಯೆ ಕೇಳಿದೆ. "ಅದೆಲ್ಲ ಇಂಟರ್ನಲ್ ಮೇಡಂ" ಎಂದು ಫೋನ್ ಇಟ್ಟರು. ಒಟ್ಟು ನಾಲ್ಕು ನಿಮಿಷ.

ಮೂರು ಸಲ ಹಚ್ಚಿದೆ. ನಂಬಿದ್ದು ನನ್ನದೇ ತಪ್ಪು. ಅವತ್ತು ರಾತ್ರಿ ಕೆಂಚ ಮೈ ನೆಕ್ಕಿಕೊಂಡ. ಬಾಯಲ್ಲಿ ಜೊಲ್ಲು ಸುರಿಯತೊಡಗಿತು. ಏಳಲು ಹೋದರೆ ಹಿಂಗಾಲು ನಿಲ್ಲಲಿಲ್ಲ. ನಮ್ಮ ಊರಿನ ಪಶುವೈದ್ಯರಿಗೆ ಫೋನ್ ಮಾಡಿ ಬಾಟಲಿ ಮೇಲಿದ್ದದ್ದನ್ನು ಓದಿ ಹೇಳಿದೆ. "ಟೀ ಟ್ರೀ ಎಣ್ಣೆ ಇದೆಯಾ? ಅದು ನಾಯಿಗೆ ವಿಷ. ಈಗಲೇ ಸೋಪು ಹಾಕಿ ತೊಳೆಯಿರಿ, ನೆಕ್ಕಲು ಬಿಡಬೇಡಿ, ಕರೆದುಕೊಂಡು ಬನ್ನಿ" ಎಂದರು. ಅದು ಎಷ್ಟಿದೆ ಎಂದು ನಿಮ್ಮ ಬಾಟಲಿ ಮೇಲೆ ಬರೆದೇ ಇಲ್ಲ. ನೆಕ್ಕಬಾರದು ಎಂದೂ ಬರೆದಿಲ್ಲ. ನಾಯಿ ಮೈ ನೆಕ್ಕುತ್ತದೆ ಎಂದು ನಾಯಿಯ ಔಷಧಿ ಮಾರುವವರಿಗೆ ಗೊತ್ತಿರಬೇಕಲ್ವಾ?

ನಮ್ಮ ಊರಿನ ಪಶುವೈದ್ಯರು ಆ ರಾತ್ರಿ ಅವನನ್ನು ಉಳಿಸಿಕೊಟ್ಟರು. ಎರಡು ದಿನ ಬಿಟ್ಟು, ಅವರು ಹೇಳಿದಂತೆ, ಪಕ್ಕದ ಮನೆಯವರ ಓಮ್ನಿಯಲ್ಲಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರ್ ಕೆಂಚನ ಕಿವಿಯಂಚನ್ನು ಎರಡು ಬೆರಳಲ್ಲಿ ಉಜ್ಜಿದರು. ಅವನ ಹಿಂಗಾಲು ತಾನಾಗೇ ಕೆರೆಯಲು ಶುರು ಮಾಡಿತು. ಅದು ಕಜ್ಜಿಯ ಒಂದು ಗುರುತಂತೆ. "ಮನೆಯಲ್ಲಿ ಯಾರಿಗಾದರೂ ನವೆ ಇದೆಯಾ?" ಎಂದು ಕೇಳಿದರು. ನಿಮ್ಮವರು ನಕ್ಕ ಅದೇ ವಿಷಯವನ್ನು ಇವರು ತಾವಾಗೇ ಕೇಳಿದರು. ನಾಲ್ಕೈದು ಕಡೆ ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕಜ್ಜಿ ಹುಳ. ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುವ ಹುಳ. ಬೀದಿ ನಾಯಿಗೂ ಬರುತ್ತದೆ, ಲಕ್ಷ ರೂಪಾಯಿಯ ನಾಯಿಗೂ ಬರುತ್ತದೆ. ಮನುಷ್ಯರ ಮೈಮೇಲೆ ಅದು ಜಾಸ್ತಿ ದಿನ ಬದುಕುವುದಿಲ್ಲ, ನಾಯಿಗೆ ವಾಸಿಯಾದರೆ ನಮ್ಮ ಗುಳ್ಳೆಯೂ ಹೋಗುತ್ತದೆ ಎಂದರು. ಹಾಗೇ ಆಯಿತು.

ಕೆಂಚನಿಗೆ ತಿಂಗಳಿಗೊಂದರಂತೆ ಮಾತ್ರೆ ಕೊಟ್ಟೆವು. ಅವನ ಹಾಸಿಗೆಯನ್ನೆಲ್ಲ ಬಿಸಿನೀರಲ್ಲಿ ಒಗೆದೆವು. ಈಗ ಕಿವಿಯ ಮೇಲೆ ಕೂದಲು ಬರುತ್ತಿದೆ. ರಾತ್ರಿ ನಿದ್ದೆ ಮಾಡುತ್ತಾನೆ. ಮೊಸರನ್ನವನ್ನೇ ತಿನ್ನುತ್ತಾನೆ. ಊಟದ ಅಲರ್ಜಿ ಎನ್ನುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಯಾವ ವಯಸ್ಸಿನಲ್ಲಾದರೂ ಬರಬಹುದಂತೆ. ಆದರೆ ಅದನ್ನು ಪತ್ತೆ ಮಾಡಲು ಸುಮಾರು 8 ವಾರ ಬೇರೆ ಯಾವುದನ್ನೂ ಕೊಡದೆ ಒಂದೇ ಬಗೆಯ ಊಟ ಹಾಕಿ ನೋಡಬೇಕು. ನಾಯಿಯನ್ನು ನೋಡದೆ, ಮುಟ್ಟದೆ, ಫೋನಿನಲ್ಲಿ ಹೇಳುವ ವಿಷಯ ಅಲ್ಲ ಅದು.

ಕೆಂಚನಿಗೆ ಬಾಯಿಲ್ಲ. ಐದು ವಾರ ಅವನು ಪಟ್ಟ ಕಷ್ಟವನ್ನು ನಾನೇ ಹೇಳಬೇಕು.

ನನಗೆ 1,840 ರೂಪಾಯಿ ವಾಪಸ್ ಬರಬೇಕು. ಎಣ್ಣೆಯಲ್ಲಿ ಏನು ಎಷ್ಟಿದೆ ಎಂದು ಬಾಟಲಿ ಮೇಲೆ ಹಾಕಬೇಕು. ನನ್ನ ಜೊತೆ ಮಾತಾಡಿದವರ ನೋಂದಣಿ ಸಂಖ್ಯೆ ಕೊಡಬೇಕು. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ಪಶುವೈದ್ಯ ವೃತ್ತಿ ಮಾಡುವ ಹಾಗಿಲ್ಲ. ಸಂಖ್ಯೆ ಇಲ್ಲ ಎಂದಾದರೆ ಅದನ್ನೇ ಬರೆದು ಕೊಡಿ. ಪಶುವೈದ್ಯ ಪರಿಷತ್ತಿಗೆ ನಾನು ಕಳಿಸುತ್ತೇನೆ.

2020ರ ಇ-ಕಾಮರ್ಸ್ ನಿಯಮದಂತೆ ನಿಮ್ಮ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನನ್ನ ಮೊದಲ ಇಮೇಲ್ ಕಳಿಸಿ 41 ದಿನ ಆಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಈಗಾಗಲೇ ಫೋನ್ ಮಾಡಿ ದೂರು ಬರೆಸಿದ್ದೇನೆ. ಮುಂದಿನದು ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. ನನ್ನಂಥ ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕ ಇಲ್ಲ. ವಕೀಲರೂ ಬೇಕಾಗಿಲ್ಲ, ನಾನೇ ನಿಂತು ಹೇಳುತ್ತೇನೆ. ಹಣ ವಾಪಸ್ ಮಾಡಿದರೂ ಹೋಗುತ್ತೇನೆ.

ಬಾಟಲಿಯಲ್ಲಿ ಇನ್ನೂ ಅರ್ಧ ಎಣ್ಣೆ ಇದೆ. ಎಸೆದಿಲ್ಲ.

ಇತಿ,
ಕೆಂಚನ ಮನೆಯವಳು,
ತೀರ್ಥಹಳ್ಳಿ